ವಾಲ್ವ್ ಸ್ಪ್ರಿಂಗ್ ರಿವರ್ಬ್ ಪೆಟ್ಟಿಗೆಯಲ್ಲಿ ದೋಷ ಹುಡುಕುವ ಕ್ರಮ

ಎಲೆಕ್ಟ್ರಿಕ್ ಗಿಟಾರಿನ ನಾದಕ್ಕೆ ಸ್ಪ್ರಿಂಗ್‌ಗಳ ಮೂಲಕ ಅನುರಣನ, ಅಂದರೆ ಸ್ವರ ನಿಂತ ಮೇಲೂ ಉಳಿಯುವ ಗುಂಗು, ಕೊಡಲು ಮನೆಯಲ್ಲೇ ಕಟ್ಟಿದ ಸ್ಪ್ರಿಂಗ್ ರಿವರ್ಬ್ ಪೆಟ್ಟಿಗೆಯು ಮೊದಲ ಸಲ ಸ್ವಿಚ್ ಹಾಕಿದಾಗಲೇ ಸರಿಯಾಗಿ ನುಡಿಯುವುದು ಅಪರೂಪ. ಅನುರಣನ ಬಾರದಿದ್ದರೆ, ಬಂದರೂ ಕ್ಷೀಣವಾಗಿದ್ದರೆ, ಅಥವಾ ಗಿಟಾರಿಗಿಂತ ಹಮ್ ಸದ್ದೇ ಜೋರಾಗಿದ್ದರೆ ಹೆಚ್ಚಿನವರು ಮೊದಲು ವಾಲ್ವ್‌ಗಳನ್ನು (ಸಂಕೇತವನ್ನು ವರ್ಧಿಸುವ ಗಾಜಿನ ಕೊಳವೆಗಳನ್ನು) ಬದಲಿಸುತ್ತಾರೆ, ಆಮೇಲೆ ಕೆಪಾಸಿಟರ್‌ಗಳನ್ನು ಬದಲಿಸುತ್ತಾರೆ, ಕೊನೆಗೆ ಎಲ್ಲ ಬೆಸುಗೆಗಳನ್ನೂ ಮತ್ತೊಮ್ಮೆ ಕಾಯಿಸುತ್ತಾರೆ. ನಾನೂ ಹಾಗೆಯೇ ಮಾಡಿ ಮೂರು ಭಾನುವಾರಗಳನ್ನು ಕಳೆದೆ. ಆ ಮೂರು ಭಾನುವಾರಗಳು ಕಲಿಸಿದ್ದನ್ನು ಕ್ರಮವಾಗಿ ಬರೆದಿಡುವುದು ಈ ಕೈಪಿಡಿಯ ಉದ್ದೇಶ. ಈ ಯಂತ್ರದಲ್ಲಿ ಎರಡು ವಿದ್ಯುತ್ ಭಾಗಗಳಿವೆ. ಅವೆರಡರ ನಡುವೆ ಇರುವುದು ತಂತಿಯಲ್ಲ, ಅಲುಗಾಡುವ ಸ್ಪ್ರಿಂಗ್. ಆದ್ದರಿಂದ ದೋಷವು ಸ್ಪ್ರಿಂಗಿನ ಆಚೆಗಿದೆಯೋ, ಈಚೆಗಿದೆಯೋ ಅಥವಾ ಸ್ಪ್ರಿಂಗ್ ಇರುವ ಟ್ಯಾಂಕಿನೊಳಗೇ ಇದೆಯೋ ಎಂಬುದನ್ನು ಐದು ನಿಮಿಷದಲ್ಲಿ ತೀರ್ಮಾನಿಸಬಹುದು. ಅದನ್ನು ತೀರ್ಮಾನಿಸುವವರೆಗೆ ಒಂದೂ ಬಿಡಿಭಾಗವನ್ನು ಬದಲಿಸಬಾರದು.

ನಾನು ಕಟ್ಟಿದ್ದು 1961ರಲ್ಲಿ ಫೆಂಡರ್ ಸಂಸ್ಥೆ ಹೊರತಂದ 6ಜಿ15 ಎಂಬ ಪ್ರತ್ಯೇಕ ರಿವರ್ಬ್ ಪೆಟ್ಟಿಗೆಯ ಮಾದರಿಯನ್ನು ಅನುಸರಿಸಿದ್ದು. ಡ್ವೆಲ್ (ಸ್ಪ್ರಿಂಗಿಗೆ ಹೋಗುವ ಸಂಕೇತದ ಬಲ), ಮಿಕ್ಸರ್ (ಬೆರೆಸುವ ಅನುರಣನದ ಪ್ರಮಾಣ), ಟೋನ್ ಎಂಬ ಮೂರು ಗುಬ್ಬಿಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಮೂಲದಲ್ಲಿ ಟ್ಯಾಂಕನ್ನು ನಡೆಸುವುದು 6ಕೆ6 ವಾಲ್ವ್. ಅದರ ಬದಲಿಗೆ ನಾನು ಇಎಲ್84 ಬಳಸಿದೆ, ಏಕೆಂದರೆ ಹಳೆಯ ರೇಡಿಯೋಗಳಿಂದ ಕಳಚಿದ ಇಎಲ್84 ನಮ್ಮ ಊರಿನಲ್ಲಿ ಇಂದಿಗೂ ಕೈಗೆ ಸಿಗುತ್ತದೆ. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ ರೇಡಿಯೋ ವಾಲ್ವ್‌ಗಳ ತಯಾರಿಕೆ ಆರಂಭಿಸಿದ್ದು ಅದೇ 1961ರಲ್ಲಿ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಸಂಕೇತ ಸಾಗುವ ದಾರಿ ಹೀಗಿದೆ. ಗಿಟಾರಿನ ಸಂಕೇತ 12ಎಟಿ7 ವಾಲ್ವಿನ ಮೊದಲ ಅರ್ಧದಲ್ಲಿ ವರ್ಧನೆಗೊಂಡು, ಡ್ವೆಲ್ ಗುಬ್ಬಿ ದಾಟಿ, ಅದೇ ವಾಲ್ವಿನ ಎರಡನೆಯ ಅರ್ಧಕ್ಕೆ ಹೋಗುತ್ತದೆ. ಅಲ್ಲಿಂದ ಒಂದು ಸಣ್ಣ ಕೆಪಾಸಿಟರ್ ಮೂಲಕ ಇಎಲ್84ರ ಗ್ರಿಡ್ (ಸಂಕೇತ ಒಳಹೋಗುವ ತುದಿ) ಸೇರಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮೂಲಕ ಟ್ಯಾಂಕಿನ ಒಳಬದಿಯ ಸುರುಳಿಗೆ ತಲುಪುತ್ತದೆ. ಆ ಸುರುಳಿಯ ಕಾಂತಕ್ಷೇತ್ರವು ಸ್ಪ್ರಿಂಗಿನ ತುದಿಯಲ್ಲಿರುವ ಪುಟ್ಟ ಅಯಸ್ಕಾಂತವನ್ನು ತಿರುಚುತ್ತದೆ. ತಿರುಚುವಿಕೆ ಸ್ಪ್ರಿಂಗಿನುದ್ದಕ್ಕೂ ಓಡಿ ಇನ್ನೊಂದು ತುದಿಯ ಅಯಸ್ಕಾಂತವನ್ನು ಅಲುಗಿಸಿ, ಹೊರಬದಿಯ ಸುರುಳಿಯಲ್ಲಿ ಕೆಲವೇ ಮಿಲಿವೋಲ್ಟ್‌ಗಳನ್ನು ಹುಟ್ಟಿಸುತ್ತದೆ. ಅದನ್ನು 12ಎಎಕ್ಸ್7 ಮತ್ತೆ ದೊಡ್ಡದು ಮಾಡಿ, ಟೋನ್ ದಾಟಿಸಿ, ಬೇರೆ ದಾರಿಯಿಂದ ನೇರವಾಗಿ ಬಂದಿರುವ ಮೂಲ ನಾದದ ಜೊತೆ ಮಿಕ್ಸರಿನಲ್ಲಿ ಬೆರೆಸುತ್ತದೆ. ಇಎಲ್84 ವರೆಗಿನದನ್ನು ಚಾಲಕ ಭಾಗ ಎಂದೂ 12ಎಎಕ್ಸ್7 ಇರುವುದನ್ನು ಗ್ರಹಣ ಭಾಗ ಎಂದೂ ಮುಂದೆ ಕರೆಯುತ್ತೇನೆ.

ಮುಚ್ಚಳ ತೆಗೆಯುವ ಮುನ್ನ

ಈ ಪೆಟ್ಟಿಗೆಯೊಳಗೆ 250 ವೋಲ್ಟಿನ ಆಸುಪಾಸಿನ ಡಿಸಿ ಇರುತ್ತದೆ. ಅದು ಪ್ರಾಣ ತೆಗೆಯಬಲ್ಲದು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳು ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. 220 ಕಿಲೋಓಮ್‌ನ ಒಂದು ರೆಸಿಸ್ಟರನ್ನು ಫಿಲ್ಟರ್ ಕೆಪಾಸಿಟರಿಗೆ ಅಡ್ಡಲಾಗಿ ಶಾಶ್ವತವಾಗಿ ಬೆಸೆದಿಟ್ಟಿದ್ದರೆ ಒಂದೆರಡು ನಿಮಿಷದಲ್ಲಿ ಅದು ಬರಿದಾಗುತ್ತದೆ. ಹಾಗಿದ್ದರೂ ಕೈ ಹಾಕುವ ಮುನ್ನ ಮಲ್ಟಿಮೀಟರಿನಲ್ಲಿ ಅಳೆದು, 10 ವೋಲ್ಟಿಗಿಂತ ಕೆಳಗೆ ಇಳಿದಿರುವುದನ್ನು ಕಣ್ಣಾರೆ ಕಾಣಬೇಕು. ಪೆಟ್ಟಿಗೆ ಚಾಲೂ ಇರುವಾಗ ಅಳೆಯುವುದಾದರೆ ಕಪ್ಪು ತಂತಿಯನ್ನು ಕ್ಲಿಪ್ ಹಾಕಿ ಚಾಸಿಗೆ (ಲೋಹದ ಚೌಕಟ್ಟಿಗೆ) ಕಚ್ಚಿಸಿ, ಒಂದೇ ಕೈಯಿಂದ ಕೆಂಪು ಮೊನೆಯನ್ನು ಹಿಡಿಯಬೇಕು. ಇನ್ನೊಂದು ಕೈ ಬೆನ್ನ ಹಿಂದೆ ಇರಲಿ.

ಗೋಡೆಯ ಸಾಕೆಟ್ಟನ್ನೂ ನಂಬಬಾರದು. ಬಸವನಗುಡಿಯ ನಮ್ಮ ಹಳೆಯ ಮನೆಯಲ್ಲಿ ಮೂರು ತೂತಿನ ಸಾಕೆಟ್ ಇತ್ತು, ಆದರೆ ಅರ್ಥ್ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ತೋರಿಸಿದರೆ ಮಾತ್ರ ಮುಂದುವರಿಯಬೇಕು. ಹಮ್ ಕಡಿಮೆಯಾಗಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಕತ್ತರಿಸುವವರನ್ನು ನೋಡಿದ್ದೇನೆ. ಗಿಟಾರಿನ ತಂತಿಗಳು ಚಾಸಿಗೆ ಸೇರಿರುತ್ತವೆ, ಆ ತಂತಿಗಳ ಮೇಲೆ ಬೆರಳುಗಳಿರುತ್ತವೆ, ಅದನ್ನು ಮರೆಯಬಾರದು.

ಮೂರು ಪರೀಕ್ಷೆಗಳು

ಮೊದಲನೆಯದು ತಟ್ಟುವ ಪರೀಕ್ಷೆ. ಮಿಕ್ಸರನ್ನು ಪೂರ್ತಿ ತಿರುಗಿಸಿ, ಆಂಪ್ಲಿಫೈಯರಿನ ವಾಲ್ಯೂಮನ್ನು ತೀರ ಕಡಿಮೆ ಇಟ್ಟು, ಟ್ಯಾಂಕಿನ ತಗಡನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಬೇಕು. ಸ್ಪ್ರಿಂಗ್‌ಗಳು ಒಂದಕ್ಕೊಂದು ಬಡಿದು, ತಗಡಿನ ಛಾವಣಿಯ ಮೇಲೆ ಗುಡುಗಿದಂತೆ ಸ್ಪೀಕರಿನಲ್ಲಿ ಕೇಳಿದರೆ ಟ್ಯಾಂಕಿನ ಹೊರಸುರುಳಿಯಿಂದ ಹಿಡಿದು ಸ್ಪೀಕರ್ ವರೆಗೆ ಎಲ್ಲವೂ ಜೀವಂತವಾಗಿದೆ ಎಂದರ್ಥ. ಇನ್ನು ಗ್ರಹಣ ಭಾಗದ ಕಡೆ ತಿರುಗಿಯೂ ನೋಡಬೇಕಾಗಿಲ್ಲ. ಏನೂ ಕೇಳದಿದ್ದರೆ ಇಎಲ್84 ಬದಲಿಸಿ ಪ್ರಯೋಜನವಿಲ್ಲ.

ಎರಡನೆಯದು ಸ್ಪೀಕರ್ ಪರೀಕ್ಷೆ. ಟ್ಯಾಂಕಿನ ಒಳಸುರುಳಿಗೆ ಹೋಗುವ ಕೇಬಲನ್ನು ಕಳಚಿ, ಅದರ ತುದಿಗೆ 8 ಓಮ್‌ನ ಒಂದು ಸಣ್ಣ ಸ್ಪೀಕರನ್ನು ಜೋಡಿಸಬೇಕು. ಈ ಮಾದರಿಯ ಟ್ಯಾಂಕಿನ ಒಳಸುರುಳಿಯೂ 8 ಓಮ್ ಆದ್ದರಿಂದ ಟ್ರಾನ್ಸ್‌ಫಾರ್ಮರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಡ್ವೆಲ್ ಅರ್ಧಕ್ಕಿಟ್ಟು ಗಿಟಾರ್ ನುಡಿಸಿದರೆ ಸಣ್ಣ ಕೋಣೆಗೆ ಸಾಕಾಗುವಷ್ಟು ದನಿ ಬರಬೇಕು. ದನಿ ತೆಳುವಾಗಿ, ಮಂದ್ರವಿಲ್ಲದೆ ಕೇಳುತ್ತದೆ. ಅದು ದೋಷವಲ್ಲ, ಕಾರಣವನ್ನು ಮುಂದೆ ಹೇಳಿದ್ದೇನೆ. ಟ್ಯಾಂಕನ್ನೂ ಸ್ಪೀಕರನ್ನೂ ಜೋಡಿಸದೆ ಡ್ವೆಲ್ ಏರಿಸಿ ನುಡಿಸಬಾರದು. ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ (ವಾಲ್ವಿನ ಕಡೆಯ ಸುತ್ತಿನಲ್ಲಿ) ವೋಲ್ಟೇಜ್ ಅಳತೆ ಮೀರಿ ಏರಿ ಸುತ್ತುಗಳ ನಡುವಿನ ನಿರೋಧನ ಸುಟ್ಟುಹೋಗಬಹುದು.

ಮೂರನೆಯದು ಟ್ಯಾಂಕನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದು. ಇದಕ್ಕೆ ನಾನು ಬಳಸುವುದು ಒಂದು ಪುಟ್ಟ ಟ್ರಾನ್ಸಿಸ್ಟರ್ ರೇಡಿಯೋ. ಅದರ ಸ್ಪೀಕರಿನ ಎರಡು ತಂತಿಗಳನ್ನು ಕಳಚಿ ಟ್ಯಾಂಕಿನ ಒಳಸುರುಳಿಗೆ ಜೋಡಿಸಿ, ಎಫ್‌ಎಂ 101.3ರಲ್ಲಿ ಆಕಾಶವಾಣಿಯ ಕಾಮನಬಿಲ್ಲು ವಾಹಿನಿ ಹಾಕಿದರೆ, ನಿರೂಪಕರ ಮಾತು ಆಳವಾದ ಬಾವಿಯೊಳಗಿಂದ ಬಂದಂತೆ, ಪ್ರತಿ ಪದಕ್ಕೂ ಬಾಲ ಬೆಳೆದು, ಆಂಪ್ಲಿಫೈಯರಿನಲ್ಲಿ ಕೇಳುತ್ತದೆ. ಹಾಗೆ ಕೇಳಿದ ಮೇಲೆ ಟ್ಯಾಂಕ್ ಮತ್ತು ಗ್ರಹಣ ಭಾಗ ಎರಡೂ ನಿರ್ದೋಷಿಗಳು. ದೋಷ ಚಾಲಕ ಭಾಗದಲ್ಲೇ ಇದೆ. ಒಂದು ಎಚ್ಚರಿಕೆ: ಕೆಲವು ರೇಡಿಯೋಗಳಲ್ಲಿ ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದೂ ನೆಲಕ್ಕೆ (ಗ್ರೌಂಡಿಗೆ) ಸೇರಿರುವುದಿಲ್ಲ. ಟ್ಯಾಂಕಿನ ಒಳ ಸಾಕೆಟ್ ತಗಡಿನಿಂದ ಬೇರ್ಪಟ್ಟಿದ್ದರೆ ಮಾತ್ರ ಈ ಪರೀಕ್ಷೆ ಸುರಕ್ಷಿತ.

ಟ್ಯಾಂಕ್ ಸರಿಯಾದದ್ದೇ?

ಟ್ಯಾಂಕಿನ ಮೇಲೆ ಅಚ್ಚೊತ್ತಿರುವ ಸಂಕೇತವನ್ನು ಓದಲು ಬಂದರೆ ಅರ್ಧ ದೋಷಗಳು ಕೊಳ್ಳುವಾಗಲೇ ಪರಿಹಾರವಾಗುತ್ತವೆ. ನಮಗೆ ಬೇಕಾದದ್ದು 4ಎಬಿ3ಸಿ1ಬಿ. ಮೊದಲ 4 ಎಂದರೆ ಸುಮಾರು 42 ಸೆಂಟಿಮೀಟರ್ ಉದ್ದದ, ಎರಡು ಸ್ಪ್ರಿಂಗ್ ಸಾಲುಗಳ ಟ್ಯಾಂಕ್. ಒಂದು ಸಾಲಿನಲ್ಲಿ ನಾದ ಸುಮಾರು 33 ಮಿಲಿಸೆಕೆಂಡಿಗೆ, ಇನ್ನೊಂದರಲ್ಲಿ ಸುಮಾರು 41 ಮಿಲಿಸೆಕೆಂಡಿಗೆ ಆಚೆ ತುದಿ ತಲುಪುತ್ತದೆ. ಈ ವ್ಯತ್ಯಾಸವೇ ಅನುರಣನಕ್ಕೆ ಸಾಂದ್ರತೆ ಕೊಡುವುದು. ಮುಂದಿನ ಎ ಅಕ್ಷರ ಒಳಸುರುಳಿ 8 ಓಮ್ ಎಂಬುದನ್ನೂ, ಬಿ ಅಕ್ಷರ ಹೊರಸುರುಳಿ 2250 ಓಮ್ ಎಂಬುದನ್ನೂ, 3 ದೀರ್ಘ ಅನುರಣನ ಎಂಬುದನ್ನೂ ಹೇಳುತ್ತವೆ. ಸಿ ಎಂದರೆ ಒಳ ಸಾಕೆಟ್ ತಗಡಿನಿಂದ ಬೇರ್ಪಟ್ಟಿದೆ, ಹೊರ ಸಾಕೆಟ್ ತಗಡಿಗೆ ಸೇರಿದೆ ಎಂದು. 1 ಎಂದರೆ ಸಾಗಿಸುವಾಗ ಸ್ಪ್ರಿಂಗನ್ನು ಬಿಗಿಹಿಡಿಯುವ ಬೀಗವಿಲ್ಲ. ಕೊನೆಯ ಬಿ, ಟ್ಯಾಂಕನ್ನು ತೆರೆದ ಬದಿ ಕೆಳಮುಖವಾಗುವಂತೆ ಅಡ್ಡಲಾಗಿ ಕೂರಿಸಬೇಕು ಎಂಬ ಸೂಚನೆ. ಈ ಕೊನೆಯ ಅಕ್ಷರವನ್ನು ನಾನು ಬಹಳ ಕಾಲ ಹಗುರವಾಗಿ ಪರಿಗಣಿಸಿದ್ದೆ.

ಸಂಕೇತ ಅಳಿಸಿಹೋಗಿದ್ದರೆ ಅಥವಾ ಅದರ ಮೇಲೆ ಸಂಶಯವಿದ್ದರೆ ಮಲ್ಟಿಮೀಟರ್ ಹೇಳುತ್ತದೆ. 8 ಓಮ್, 2250 ಓಮ್ ಎಂಬವು 1000 ಹರ್ಟ್ಜ್‌ನಲ್ಲಿ ಅಳೆದ ಇಂಪೀಡೆನ್ಸ್, ಅಂದರೆ ಎಸಿಗೆ ಸುರುಳಿ ಒಡ್ಡುವ ತಡೆ. ಮಲ್ಟಿಮೀಟರ್ ತೋರಿಸುವ ಡಿಸಿ ರೋಧ ಅದಕ್ಕಿಂತ ಬಹಳ ಕಡಿಮೆ. ಎರಡೂ ಕೇಬಲ್‌ಗಳನ್ನು ಕಳಚಿ ಅಳೆದಾಗ ಒಳಸುರುಳಿ ಸುಮಾರು 0.8 ಓಮ್, ಹೊರಸುರುಳಿ ಸುಮಾರು 200 ಓಮ್ ತೋರಿಸಬೇಕು. ಮೀಟರಿನ ತಂತಿಗಳದ್ದೇ 0.3 ಅಥವಾ 0.4 ಓಮ್ ಇರುವುದರಿಂದ, ಮೊದಲು ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿ ಬರುವ ಅಂಕಿಯನ್ನು ಕಳೆಯಬೇಕು. ಒಳಸುರುಳಿ 58 ಓಮ್‌ನಷ್ಟು ತೋರಿಸಿದರೆ ಅದು 600 ಓಮ್‌ನ ಇ ಜಾತಿಯ ಟ್ಯಾಂಕ್; ಐಸಿ ಬಳಸಿದ ಆಂಪ್ಲಿಫೈಯರ್‌ಗಳಿಗೆ ಅದು ಹೊಂದುತ್ತದೆ, ನಮ್ಮ ಟ್ರಾನ್ಸ್‌ಫಾರ್ಮರಿಗೆ ಹೊಂದುವುದಿಲ್ಲ. ಎ ಜಾತಿಯ ಸುರುಳಿ ಚೆನ್ನಾಗಿ ಅಲುಗಲು ಸುಮಾರು 28 ಮಿಲಿಆಂಪಿಯರ್ ಬೇಕು, ಇ ಜಾತಿಗೆ ಕಡಿಮೆ ಪ್ರವಾಹ ಮತ್ತು ಹೆಚ್ಚು ವೋಲ್ಟೇಜ್ ಬೇಕು. 8 ಓಮಿಗೆಂದು ಸುತ್ತಿದ ಟ್ರಾನ್ಸ್‌ಫಾರ್ಮರ್ ಆ ವೋಲ್ಟೇಜನ್ನು ಕೊಡಲಾರದೆ ಅನುರಣನ ಕ್ಷೀಣಿಸುತ್ತದೆ.

ಎರಡು ಕೇಬಲ್‌ಗಳು ಅದಲುಬದಲಾಗಿರುವುದು ಇನ್ನೊಂದು ಸಾಮಾನ್ಯ ತಪ್ಪು. ಎರಡೂ ಒಂದೇ ಬಗೆಯ ಆರ್‌ಸಿಎ ಪ್ಲಗ್ ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಆಗಲೂ ತಟ್ಟಿದರೆ ಮಂದವಾದ ಗುಡುಗು ಕೇಳುತ್ತದೆ, ಗಿಟಾರ್ ದೂರದಲ್ಲೆಲ್ಲೋ ನುಡಿದಂತಿರುತ್ತದೆ. ಒಂದಕ್ಕೆ ಕೆಂಪು, ಒಂದಕ್ಕೆ ಬಿಳಿ ಟೇಪ್ ಸುತ್ತಿಡುವುದು ಒಳ್ಳೆಯದು.

ನನ್ನ ಪೆಟ್ಟಿಗೆಯ ದೋಷ

ಮೂರು ಭಾನುವಾರಗಳ ಕಥೆಯನ್ನು ಇಲ್ಲೇ ಹೇಳಬೇಕು. ಮೇಜಿನ ಮೇಲೆ ಹರಡಿಕೊಂಡು ನುಡಿಸಿದಾಗ ಎಲ್ಲವೂ ಚೆನ್ನಾಗಿತ್ತು. ಸಾಗುವಾನಿ ಪೆಟ್ಟಿಗೆಯೊಳಗೆ ಕೂರಿಸಿ ಸ್ಕ್ರೂ ಬಿಗಿದ ಕೂಡಲೇ ಅನುರಣನ ತೆಳುವಾಗಿ, ಹಮ್ ಏರುತ್ತಿತ್ತು. ಹೊರತೆಗೆದು ಮತ್ತೆ ಮೇಜಿನ ಮೇಲಿಟ್ಟರೆ ಮತ್ತೆ ಸರಿ. ಪೆಟ್ಟಿಗೆಯೊಳಗೆ ಟ್ಯಾಂಕ್ ಪವರ್ ಟ್ರಾನ್ಸ್‌ಫಾರ್ಮರಿಗೆ ಹತ್ತಿರವಾಗುತ್ತಿದೆ ಎಂದುಕೊಂಡು ಮೊದಲ ಭಾನುವಾರ ಎಲ್ಲ ತಂತಿಗಳ ಜಾಡು ಬದಲಿಸಿದೆ. ಎರಡನೆಯ ಭಾನುವಾರ 12ಎಎಕ್ಸ್7 ಬದಲಿಸಿದೆ, ಅದರ ಕ್ಯಾಥೋಡ್ ಕೆಪಾಸಿಟರ್ ಬದಲಿಸಿದೆ. ಟ್ಯಾಂಕನ್ನು ಎಷ್ಟು ಸಲ ಅಳೆದರೂ 203 ಓಮ್. ಹಾಗಾಗಿ ಅದರ ಮೇಲೆ ನನಗೆ ಸಂಶಯವೇ ಬರಲಿಲ್ಲ.

ವಾಲ್ವ್ ತಯಾರಿಕೆಯಲ್ಲೇ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಮೂರನೆಯ ಭಾನುವಾರ ಅವರು ಬಂದು, ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು, ಒಂದೇ ಪ್ರಶ್ನೆ ಕೇಳಿದರು: "ಟ್ಯಾಂಕನ್ನ ಪೆಟ್ಟಿಗೆ ಒಳಗೆ ಹೇಗೆ ಮಲಗಿಸ್ತೀಯೋ ಹಾಗೇ ಮಲಗಿಸಿ ಅಳೆದಿದೀಯೇನಪ್ಪಾ?"

ನಾನು ಅಳೆದಿರಲಿಲ್ಲ. ಮೇಜಿನ ಮೇಲೆ ಟ್ಯಾಂಕ್ ಯಾವಾಗಲೂ ಸ್ಪ್ರಿಂಗ್ ಕಾಣುವಂತೆ ಮೇಲ್ಮುಖವಾಗಿ ಇರುತ್ತಿತ್ತು. ಪೆಟ್ಟಿಗೆಯೊಳಗೆ ಸಂಕೇತದ ಕೊನೆಯ ಅಕ್ಷರ ಹೇಳುವಂತೆ ಕೆಳಮುಖವಾಗುತ್ತಿತ್ತು. ಮೀಟರಿನ ಮೊನೆಗಳನ್ನು ಕ್ಲಿಪ್ ಹಾಕಿ ಕಚ್ಚಿಸಿ, ಅಂಕಿ ನೋಡುತ್ತಲೇ ಟ್ಯಾಂಕನ್ನು ನಿಧಾನವಾಗಿ ಮಗುಚಿದೆ. 203 ಇದ್ದದ್ದು ಅರ್ಧ ಮಗುಚುವಾಗ ಒಮ್ಮೆ ತಡವರಿಸಿ, ಪೂರ್ತಿ ಮಗುಚಿದಾಗ ಓಪನ್ ಎಂದು ತೋರಿಸಿತು. ಹಿಂದಕ್ಕೆ ಮಗುಚಿದರೆ ಮತ್ತೆ 203. ಭೂತಗನ್ನಡಿಯಲ್ಲಿ ನೋಡಿದಾಗ ಹೊರಸುರುಳಿಯಿಂದ ಸಾಕೆಟ್ಟಿಗೆ ಹೋಗುವ, ಕೂದಲಿಗಿಂತ ಸ್ವಲ್ಪವೇ ದಪ್ಪವಾದ ತಾಮ್ರದ ತಂತಿ ಬೆಸುಗೆಯ ಅಂಚಿನಲ್ಲಿ ತುಂಡಾಗಿ, ಬೆಸುಗೆಯ ಮೇಲೆ ಸುಮ್ಮನೆ ಒರಗಿಕೊಂಡಿತ್ತು. ಮೇಲ್ಮುಖವಾಗಿದ್ದಾಗ ತನ್ನ ಭಾರಕ್ಕೇ ಮುಟ್ಟಿಕೊಂಡಿರುತ್ತಿತ್ತು, ಕೆಳಮುಖವಾದಾಗ ಜೋತುಬಿದ್ದು ದೂರವಾಗುತ್ತಿತ್ತು. ಸುರುಳಿ ಕಡಿದುಹೋದ ಮೇಲೆ 12ಎಎಕ್ಸ್7ರ ಗ್ರಿಡ್‌ಗೆ 220 ಕಿಲೋಓಮ್ ರೆಸಿಸ್ಟರಿನ ಹೊರತು ಬೇರೆ ಆಸರೆಯಿಲ್ಲ. ಸುತ್ತಲಿನ ಹಮ್ಮನ್ನೆಲ್ಲ ಅದು ಎಳೆದುಕೊಳ್ಳುತ್ತಿತ್ತು. ಕ್ಷೀಣತೆ ಮತ್ತು ಹಮ್ ಎರಡಕ್ಕೂ ಕಾರಣ ಒಂದೇ.

ದುರಸ್ತಿಗೆ ಬೇಕಾದದ್ದು ಸೂಕ್ಷ್ಮ ಮೊನೆಯ 25 ವಾಟ್ ಸೋಲ್ಡರಿಂಗ್ ಐರನ್, ಭೂತಗನ್ನಡಿ ಮತ್ತು ತಾಳ್ಮೆ. ತಂತಿಯ ಮೇಲಿನ ಎನಾಮೆಲ್ ಲೇಪವನ್ನು ಬ್ಲೇಡಿನ ಅಂಚಿನಿಂದ ಎರಡು ಮಿಲಿಮೀಟರ್‌ನಷ್ಟು ಬಹಳ ಹಗುರವಾಗಿ ಕೆರೆದು, ಐರನ್ ಮೊನೆಯಲ್ಲೇ ಸ್ವಲ್ಪ ಸೀಸ ಹಿಡಿಸಿ, ಬೆಸೆಯುವ ಕಡೆ ತಂತಿಗೆ ತುಸು ಸಡಿಲು ಬಿಡಬೇಕು. ಬಿಗಿಯಾಗಿ ಎಳೆದು ಬೆಸೆದರೆ ಸ್ಪ್ರಿಂಗಿನ ಚೌಕಟ್ಟು ಅಲುಗಿದಾಗ ಮತ್ತೆ ಅದೇ ಜಾಗದಲ್ಲಿ ತುಂಡಾಗುತ್ತದೆ. ಕೊರಿಯರಿನಲ್ಲಿ ಬಂದ ಯಾವ ಟ್ಯಾಂಕನ್ನಾದರೂ ಇಂದು ನಾನು ಮೊದಲು ಹೀಗೆ ಮಗುಚಿ ಅಳೆದೇ ಒಳಗೆ ಕೂರಿಸುತ್ತೇನೆ.

ಚಾಲಕ ಭಾಗ ಸೊರಗಿದ್ದರೆ

ತಟ್ಟಿದರೆ ಗುಡುಗು ಕೇಳಿಸಿ, ಸ್ಪೀಕರ್ ಪರೀಕ್ಷೆಯಲ್ಲಿ ದನಿ ಬಾರದಿದ್ದರೆ, ಮೊದಲು ಕೋಣೆಯ ದೀಪ ಆರಿಸಿ ವಾಲ್ವ್‌ಗಳ ಹೀಟರ್ ಹೊಳಪನ್ನು ನೋಡಬೇಕು. ಇಲ್ಲಿ ಹೊಸಬರು ಬೀಳುವ ಒಂದು ಗುಂಡಿಯಿದೆ. 12ಎಟಿ7, 12ಎಎಕ್ಸ್7, ಇಎಲ್84 ಮೂರಕ್ಕೂ ಒಂಬತ್ತು ಪಿನ್ನಿನ ಒಂದೇ ಸಾಕೆಟ್, ಆದರೆ ಹೀಟರ್ ಜೋಡಣೆ ಬೇರೆ. ಇಎಲ್84ರಲ್ಲಿ 6.3 ವೋಲ್ಟನ್ನು 4 ಮತ್ತು 5ನೆಯ ಪಿನ್‌ಗಳ ನಡುವೆ ಕೊಡಬೇಕು. 12ರಿಂದ ಆರಂಭವಾಗುವ ಎರಡರಲ್ಲಿ 4 ಮತ್ತು 5ನ್ನು ಒಟ್ಟಿಗೆ ಸೇರಿಸಿ, ಆ ಜೋಡಿಗೂ 9ನೆಯ ಪಿನ್ನಿಗೂ ನಡುವೆ 6.3 ವೋಲ್ಟ್ ಕೊಡಬೇಕು. ಮೂರನ್ನೂ ಇಎಲ್84ರಂತೆಯೇ ಜೋಡಿಸಿದರೆ ಚಿಕ್ಕ ವಾಲ್ವ್‌ಗಳ ಹೀಟರಿನ ಪ್ರತಿ ಅರ್ಧಕ್ಕೂ ಬೇಕಾದದ್ದರ ಅರ್ಧ ವೋಲ್ಟೇಜಷ್ಟೇ ಸಿಕ್ಕಿ, ಹೊಳಪು ಕಂಡೂ ಕಾಣದಂತಿರುತ್ತದೆ, ದನಿ ಏಳುವುದೇ ಇಲ್ಲ. ಮೂರನ್ನೂ 12ಎಟಿ7ರಂತೆ ಜೋಡಿಸಿದರೆ ಇಎಲ್84ರ ಹೀಟರಿನ ಎರಡು ತುದಿಗಳೂ ಒಂದೇ ತಂತಿಗೆ ಸೇರಿ, ಅದು ಹೊಳೆಯುವುದೇ ಇಲ್ಲ.

ಹೀಟರ್ ಸರಿಯಿದ್ದರೆ ಇಎಲ್84ರ ಕ್ಯಾಥೋಡಿನ, ಅಂದರೆ ಎಲೆಕ್ಟ್ರಾನ್ ಸೂಸುವ ತುದಿಯ, ವೋಲ್ಟೇಜ್ ಅಳೆಯಬೇಕು. ನಾನು ಅಲ್ಲಿ 330 ಓಮ್ ರೆಸಿಸ್ಟರ್ ಇಟ್ಟಿದ್ದೇನೆ. 9ರಿಂದ 10 ವೋಲ್ಟ್ ಬಂದರೆ ಸುಮಾರು 29 ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ, ಈ ಕೆಲಸಕ್ಕೆ ಅದು ಧಾರಾಳ. ಬಹಳ ಹೆಚ್ಚು ಬಂದರೆ ಗ್ರಿಡ್ಡಿನ, ಅಂದರೆ 2ನೆಯ ಪಿನ್ನಿನ, ವೋಲ್ಟೇಜ್ ನೋಡಬೇಕು. ಅದು ಸೊನ್ನೆಯ ಆಸುಪಾಸಿನಲ್ಲಿರಬೇಕು. ಕೆಲವು ವೋಲ್ಟ್ ಧನ (ಪ್ಲಸ್) ಆಗಿದ್ದರೆ ಹಿಂದಿನ ಹಂತದ ಜೋಡಣೆ ಕೆಪಾಸಿಟರ್ ಸೋರುತ್ತಿದೆ. ಹಳೆಯ ರೇಡಿಯೋದಿಂದ ಕಿತ್ತ ಕಾಗದದ ಕೆಪಾಸಿಟರ್‌ಗಳನ್ನು ಈ ಜಾಗದಲ್ಲಿ ಎಂದಿಗೂ ಬಳಸಬಾರದು. 7ನೆಯ ಪಿನ್ನಿನಲ್ಲಿ, ಅಂದರೆ ಪ್ಲೇಟಿನಲ್ಲಿ, ಸೊನ್ನೆ ಬಂದು ಒಳಗಿನ ಸ್ಕ್ರೀನ್ ಗ್ರಿಡ್ ಕೆಂಪಗೆ ಕಾದಿದ್ದರೆ ತಕ್ಷಣ ಸ್ವಿಚ್ ಆರಿಸಬೇಕು. ಟ್ರಾನ್ಸ್‌ಫಾರ್ಮರಿನ ಪ್ರೈಮರಿ ತುಂಡಾಗಿದೆ.

ಟ್ರಾನ್ಸ್‌ಫಾರ್ಮರಿನ ಬಗ್ಗೆ ಇನ್ನೊಂದು ಮಾತು. ಬೆಂಗಳೂರಿನ ಎಸ್‌ಪಿ ರಸ್ತೆಯ ಸುತ್ತಮುತ್ತ ಹೇಳಿದಂತೆ ಸುತ್ತಿಕೊಡುವವರಿದ್ದಾರೆ, ಕೆಲಸ ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಈ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ಸದಾ ಡಿಸಿ ಹರಿಯುತ್ತದೆ ಎಂಬುದನ್ನು ನಾವು ಬಾಯಿಬಿಟ್ಟು ಹೇಳದಿದ್ದರೆ, ಅವರು ಪವರ್ ಟ್ರಾನ್ಸ್‌ಫಾರ್ಮರಿನಂತೆಯೇ ಇ ಮತ್ತು ಐ ಆಕಾರದ ಪಟ್ಟಿಗಳನ್ನು ಒಂದರೊಳಗೊಂದು ಹೆಣೆದು ಜೋಡಿಸುತ್ತಾರೆ. ಆಗ ಡಿಸಿಯಿಂದಲೇ ಕಬ್ಬಿಣ ಕಾಂತೀಯವಾಗಿ ತುಂಬಿಹೋಗಿ, ಸ್ಪೀಕರ್ ಪರೀಕ್ಷೆಯಲ್ಲಿ ಮೆಲ್ಲಗೆ ನುಡಿಸಿದರೂ ದನಿ ಒಡೆದು ಬರುತ್ತದೆ. ಪಟ್ಟಿಗಳನ್ನು ಬಿಚ್ಚಿ, ಎಲ್ಲ ಇ ಪಟ್ಟಿಗಳನ್ನು ಒಂದು ಬದಿಗೆ, ಎಲ್ಲ ಐ ಪಟ್ಟಿಗಳನ್ನು ಎದುರು ಬದಿಗೆ ಇಟ್ಟು, ನಡುವೆ ತೆಳುವಾದ ಕಾಗದದ ಅಂತರ ಕೊಟ್ಟರೆ ಅದೇ ಟ್ರಾನ್ಸ್‌ಫಾರ್ಮರ್ ಸರಿಯಾಗಿ ನಡೆಯುತ್ತದೆ.

ಹಮ್

ಹಮ್ಮಿನ ಮೂಲ ಹುಡುಕಲು ಗಿಟಾರೇ ಶ್ರುತಿ ಅಳೆಯುವ ಸಾಧನ. ನಮ್ಮ ಮೇನ್ಸ್ 50 ಹರ್ಟ್ಜ್. ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಏರಿಳಿತ 100 ಹರ್ಟ್ಜ್. ಗಿಟಾರಿನ ದಪ್ಪ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿದರೆ ಬರುವ ಸ್ವರ 98 ಹರ್ಟ್ಜ್. ಹಮ್ ಆ ಸ್ವರಕ್ಕೆ ಹೆಚ್ಚುಕಡಿಮೆ ಹೊಂದಿದರೆ ಅದು ಪವರ್ ಸಪ್ಲೈಯಿಂದ ಬರುತ್ತಿದೆ, ಫಿಲ್ಟರ್ ಕೆಪಾಸಿಟರ್‌ಗಳು ಸೊರಗಿವೆ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದರೆ ಹೀಟರ್ ತಂತಿಗಳಿಂದಲೋ ಪವರ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದಿಂದಲೋ ಬರುತ್ತಿದೆ. ಅಮೆರಿಕದವರು ಬರೆದ ಸೂಚನೆಗಳಲ್ಲಿ 60 ಮತ್ತು 120 ಎಂದಿರುತ್ತದೆ. ಅವರ ಸ್ವರಗಳನ್ನು ಇಲ್ಲಿ ಹುಡುಕಬಾರದು. ಅಲ್ಲಿಂದ ತರಿಸಿದ, 60 ಹರ್ಟ್ಜಿಗೆ ಮಾತ್ರ ಸುತ್ತಿದ ಪವರ್ ಟ್ರಾನ್ಸ್‌ಫಾರ್ಮರನ್ನು ಸ್ಟೆಪ್‌ಡೌನ್ ಮೂಲಕ ಬಳಸುವವರಿಗೂ ಇದೇ ಮಾತು: 50 ಹರ್ಟ್ಜ್‌ನಲ್ಲಿ ಅದರ ಕಬ್ಬಿಣ ಬೇಗ ತುಂಬಿ, ಬಿಸಿಯೇರಿ, ಸುತ್ತಲೂ ಹೆಚ್ಚು ಹಮ್ ಚೆಲ್ಲುತ್ತದೆ.

ಕೆಳಸ್ಥಾಯಿಯ ಹಮ್ ಇದ್ದರೆ ಟ್ಯಾಂಕಿನ ಹೊರಸಾಕೆಟ್ಟಿನಿಂದ ಕೇಬಲನ್ನು ಕಳಚಿ, ಅದರ ಪ್ಲಗ್ಗಿನ ನಡುಪಿನ್ನನ್ನು ಅಂಚಿಗೆ ಶಾರ್ಟ್ ಮಾಡಬೇಕು. ಹಮ್ ಹಾಗೆಯೇ ಉಳಿದರೆ ಅದು 12ಎಎಕ್ಸ್7ರ ಬಳಿಯದು. ಹೀಟರ್ ತಂತಿಗಳನ್ನು ಬಿಗಿಯಾಗಿ ಹೆಣೆದು ಚಾಸಿಯ ಮೂಲೆಗೆ ಒತ್ತಿ, ಎರಡು 100 ಓಮ್ ರೆಸಿಸ್ಟರ್‌ಗಳ ಮೂಲಕ ಎರಡೂ ತುದಿಗಳನ್ನು ನೆಲಕ್ಕೆ ಸೇರಿಸಿದರೆ ಬಹುಪಾಲು ಹೋಗುತ್ತದೆ. ಶಾರ್ಟ್ ಮಾಡಿದಾಗ ಹಮ್ ನಿಂತರೆ ಟ್ಯಾಂಕಿನ ಹೊರಸುರುಳಿಯೇ ಅದನ್ನು ಹಿಡಿಯುತ್ತಿದೆ. ಕೇಬಲನ್ನು ಮತ್ತೆ ಜೋಡಿಸಿ, ಟ್ಯಾಂಕನ್ನು ಕೈಯಲ್ಲಿ ಹಿಡಿದು ಪವರ್ ಟ್ರಾನ್ಸ್‌ಫಾರ್ಮರಿನ ಹತ್ತಿರ ನಿಧಾನವಾಗಿ ತಿರುಗಿಸುತ್ತಾ ಕೇಳಬೇಕು. ಒಂದು ಕೋನದಲ್ಲಿ ಹಮ್ ಉಬ್ಬಿ ಬರುತ್ತದೆ, ಕಾಲುಸುತ್ತು ತಿರುಗಿಸಿದರೆ ಒಮ್ಮೆಲೇ ಕುಗ್ಗುತ್ತದೆ, ಸುರುಳಿಯ ತುದಿಯನ್ನು ಒಂದು ಗೇಣು ದೂರ ಸರಿಸಿದರೆ ಇನ್ನಷ್ಟು ಇಳಿಯುತ್ತದೆ. ಕಿವಿ ಹೇಳಿದ ಆ ಜಾಗವನ್ನು ಪೆನ್ಸಿಲಿನಿಂದ ಗುರುತಿಸಿಕೊಂಡು ಪೆಟ್ಟಿಗೆಯ ವಿನ್ಯಾಸವನ್ನು ಅದಕ್ಕೆ ಹೊಂದಿಸಬೇಕೇ ಹೊರತು, ಮೊದಲು ಪೆಟ್ಟಿಗೆ ಮಾಡಿಸಿ ಆಮೇಲೆ ಟ್ಯಾಂಕನ್ನು ತುರುಕಬಾರದು. ನಡುವೆ ಅಲ್ಯೂಮಿನಿಯಂ ತಗಡು ಇಡುವುದರಿಂದ 50 ಹರ್ಟ್ಜ್‌ನ ಕಾಂತಕ್ಷೇತ್ರ ನಿಲ್ಲುವುದಿಲ್ಲ. ಉಕ್ಕಿನ ತಗಡು ಸ್ವಲ್ಪ ತಡೆಯುತ್ತದೆ, ದೂರವೇ ಎಲ್ಲಕ್ಕಿಂತ ಹೆಚ್ಚು ತಡೆಯುತ್ತದೆ.

ರಿವರ್ಬ್ ಪೆಟ್ಟಿಗೆಯನ್ನು ಆಂಪ್ಲಿಫೈಯರಿಗೆ ಜೋಡಿಸಿದಾಗ ಮಾತ್ರ ಹಮ್ ಬರುವುದಾದರೆ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಬೇಕು. ಟ್ಯಾಂಕಿನ ಒಳ ಮತ್ತು ಹೊರ ಸಾಕೆಟ್‌ಗಳೆರಡೂ ತಗಡಿಗೆ ಸೇರಿರುವ ಜಾತಿಯದ್ದಾದರೆ ಅಲ್ಲೇ ಹಮ್ ಹುಟ್ಟಿಸುವ ಒಂದು ಅರ್ಥ್ ಉರುಳು (ಅರ್ಥ್ ಲೂಪ್) ಏರ್ಪಟ್ಟಿರುತ್ತದೆ. ಸಾಕೆಟ್ಟಿನ ಅಂಚಿಗೂ ತಗಡಿಗೂ ನಡುವೆ ಮಲ್ಟಿಮೀಟರಿನ ಬೀಪ್ ಕೇಳಿದರೆ ಅದು ತಿಳಿಯುತ್ತದೆ.

ಮಸುಕು, ಕೂಗು, ಕರಕರ

ಅನುರಣನ ಸಾಕಷ್ಟು ಜೋರಾಗಿದ್ದೂ ಮಣ್ಣು ಕಲಕಿದ ನೀರಿನಂತೆ ಮಸುಕಾಗಿದ್ದರೆ ಇಎಲ್84ರ ಗ್ರಿಡ್‌ಗೆ ಹೋಗುವ ಕೆಪಾಸಿಟರ್ ದೊಡ್ಡದಾಗಿದೆ. 470 ಕಿಲೋಓಮ್ ಗ್ರಿಡ್ ರೆಸಿಸ್ಟರಿನ ಜೊತೆ 1000 ಪಿಕೋಫ್ಯಾರಡ್ ಇಟ್ಟರೆ ಸುಮಾರು 340 ಹರ್ಟ್ಜಿನ ಕೆಳಗಿನ ಸ್ವರಗಳು ಇಳಿಮುಖವಾಗುತ್ತವೆ. ಅಭ್ಯಾಸಬಲದಿಂದ 0.022 ಮೈಕ್ರೋಫ್ಯಾರಡ್ ಬೆಸೆದರೆ ಆ ಮಿತಿ 15 ಹರ್ಟ್ಜಿಗೆ ಇಳಿದು, ಮಂದ್ರವೆಲ್ಲ ಸ್ಪ್ರಿಂಗಿಗೆ ನುಗ್ಗುತ್ತದೆ. ಸ್ಪೀಕರ್ ಪರೀಕ್ಷೆಯಲ್ಲಿ ದನಿ ತೆಳುವಾಗಿರಲೇಬೇಕು ಎಂದದ್ದು ಇದಕ್ಕಾಗಿ.

ಮಿಕ್ಸರ್ ಏರಿಸಿದಂತೆ ಕೂಗು ಹುಟ್ಟಿದರೆ ಪೆಟ್ಟಿಗೆಯನ್ನು ಸ್ಪೀಕರ್ ಕ್ಯಾಬಿನೆಟ್ಟಿನ ಮೇಲಿಂದ ಇಳಿಸಿ ನೆಲದ ಮೇಲಿಡಬೇಕು. ಕೂಗು ನಿಂತರೆ ಅದು ಸ್ಪೀಕರಿನ ಕಂಪನ ಸ್ಪ್ರಿಂಗಿಗೆ ಮರಳುತ್ತಿದ್ದದ್ದು. ನಿಲ್ಲದಿದ್ದರೆ 12ಎಎಕ್ಸ್7ನ್ನು ಪೆನ್ಸಿಲಿನಿಂದ ತಟ್ಟಿ ನೋಡಬೇಕು; ಗಂಟೆಯಂತೆ ನಿನದಿಸುವ ವಾಲ್ವನ್ನು ಮೊದಲ ಹಂತಕ್ಕೆ ವರ್ಗಾಯಿಸಿ, ಬೇರೆಯದನ್ನು ಗ್ರಹಣ ಭಾಗಕ್ಕೆ ಹಾಕಬಹುದು, ಆದರೆ ಆ ಹಂತದಲ್ಲಿ 12ಎಟಿ7ರ ಬದಲು 12ಎಎಕ್ಸ್7 ಬಂದಾಗ ಡ್ವೆಲ್ ಇನ್ನೂ ಕೆಳಗಿಡಬೇಕಾಗುತ್ತದೆ. ಗ್ರಹಣ ಭಾಗದ ಪ್ಲೇಟ್ ಮತ್ತು ಗ್ರಿಡ್ ತಂತಿಗಳು ಪಕ್ಕಪಕ್ಕದಲ್ಲಿ ಓಡದಂತೆ ನೋಡಿಕೊಳ್ಳಬೇಕು. ಗ್ರಹಣ ಭಾಗದಲ್ಲಿ 100 ಕಿಲೋಓಮ್ ಪ್ಲೇಟ್ ರೆಸಿಸ್ಟರ್ ಮತ್ತು 1.5 ಕಿಲೋಓಮ್ ಕ್ಯಾಥೋಡ್ ರೆಸಿಸ್ಟರ್ ಇದ್ದರೆ ಪ್ಲೇಟಿನಲ್ಲಿ 150ರಿಂದ 170 ವೋಲ್ಟ್, ಕ್ಯಾಥೋಡಿನಲ್ಲಿ 1.3 ವೋಲ್ಟಿನ ಆಸುಪಾಸು ಬರುವುದು ಆರೋಗ್ಯದ ಲಕ್ಷಣ.

ಕರಕರ ಸದ್ದು ಮಳೆಗಾಲದಲ್ಲಿ ಹೆಚ್ಚಾದರೆ ಆರ್‌ಸಿಎ ಪ್ಲಗ್‌ಗಳನ್ನೂ ವಾಲ್ವ್ ಪಿನ್‌ಗಳನ್ನೂ ಮೊದಲು ಒರೆಸಬೇಕು. ಟ್ಯಾಂಕಿನ ತೆರೆದ ಬದಿಗೆ ರಟ್ಟು ಮುಚ್ಚಿರುವವರು ಅದು ತೇವಕ್ಕೆ ಉಬ್ಬಿ ಸ್ಪ್ರಿಂಗಿಗೆ ತಾಗುತ್ತಿದೆಯೇ ಎಂದು ನೋಡಬೇಕು. ತಾಗಿದರೆ ಅನುರಣನದ ಬಾಲ ಮೊಟಕಾಗಿ, ಒರಟಾದ ಸದ್ದು ಸೇರಿಕೊಳ್ಳುತ್ತದೆ. ಯಾರೂ ನುಡಿಸದಿದ್ದಾಗಲೂ ಆಗಾಗ ದೂರದ ಗುಡುಗು ಕೇಳಿಸುವುದಾದರೆ, ಕಿಟಕಿಯ ಬಳಿ ನಿಂತು ಅದು ಬೀದಿಯಲ್ಲಿ ಲಾರಿ ಹಾದುಹೋಗುವ ಹೊತ್ತಿಗೇ ಬರುತ್ತದೆಯೇ ಎಂದು ಗಮನಿಸಬೇಕು. ಹಾಗಿದ್ದರೆ ಟ್ಯಾಂಕಿನ ನಾಲ್ಕು ಮೂಲೆಗಳ ಸ್ಕ್ರೂಗಳನ್ನು ಮೆದು ರಬ್ಬರ್ ಗ್ರಾಮೆಟ್‌ಗಳ ಮೂಲಕ ಹಾಯಿಸಿ, ಗ್ರಾಮೆಟ್ ಚಪ್ಪಟೆಯಾಗದಷ್ಟು ಮಾತ್ರ ಬಿಗಿದು, ಪೆಟ್ಟಿಗೆಯ ಕಾಲುಗಳ ಕೆಳಗೆ ಒಂದು ಅಂಗುಲದ ಫೋಮ್ ತುಂಡುಗಳನ್ನು ಇಡಬೇಕು.